ಶಾಂಪೂ ಎಂಬ ಕ್ರಿಯಾಪದದ ತವರುಮನೆ

ನನಗೊಂದು ಕೆಟ್ಟ ಚಟವಿದೆ. ಬೀಡಿ, ಗುಟ್ಕಾ ಅಲ್ಲ. ಅವೇ ಆಗಿದ್ದರೆ ಹೆಂಡತಿ ಎಂದೋ ಬಿಡಿಸುತ್ತಿದ್ದಳು. ‘ಗೊತ್ತಿಲ್ಲ’ ಎಂಬ ಮಾತು ನನ್ನ ಬಾಯಿಂದ ಹೊರಡುವುದಿಲ್ಲ, ಅಷ್ಟೆ. ಇಪ್ಪತ್ತೆರಡು ವರ್ಷ ಇಂಗ್ಲಿಷ್ ಪಾಠ ಹೇಳಿದವನ ಗಂಟಲಲ್ಲಿ ಆ ಶಬ್ದ ಅದು ಹೇಗೋ ಸಿಕ್ಕಿಕೊಂಡುಬಿಡುತ್ತದೆ. ರಸ್ತೆಯಲ್ಲಿ ಯಾರಾದರೂ ಗಾಡಿ ನಿಲ್ಲಿಸಿ ದಾರಿ ಕೇಳಿದರೆ, ತಿಳಿಯದಿದ್ದರೂ ಕೈಯೆತ್ತಿ ಒಂದು ದಿಕ್ಕು ತೋರಿಸುತ್ತೇನೆ. ಒಮ್ಮೆ ಮನ್ನಾಏಖೇಳ್ಳಿಗೆ ಹೋಗಬೇಕಿದ್ದ ಮದುವೆ ಜೀಪೊಂದನ್ನು ಹೀಗೆಯೇ ಎದುರು ದಿಕ್ಕಿನ ಕೊಹಿನೂರು ಹಳ್ಳಿಯ ಕಡೆ ಕಳಿಸಿದ್ದೆ. ಆ ಮದುವೆ ಆಯಿತೋ ಇಲ್ಲವೋ ಎಂದು ವಿಚಾರಿಸುವ ಧೈರ್ಯ ಇಂದಿಗೂ ಬಂದಿಲ್ಲ.

ನನ್ನ ಮನೆ ಬಸವಕಲ್ಯಾಣದಲ್ಲಿ, ಕೆಲಸ ಹುಮನಾಬಾದಿನ ಒಂದು ಕಾಲೇಜಿನಲ್ಲಿ. ಅಲ್ಲಿ ನಮ್ಮ ಪ್ರಿನ್ಸಿಪಾಲರಿಗೆ ಇದ್ದಕ್ಕಿದ್ದಂತೆ ಒಂದು ಹುಕಿ ಬಂತು. ಶನಿವಾರ ಇಂಗ್ಲಿಷ್ ದಿನಾಚರಣೆ. ಒಬ್ಬೊಬ್ಬ ವಿದ್ಯಾರ್ಥಿ ಒಂದೊಂದು ಇಂಗ್ಲಿಷ್ ಕ್ರಿಯಾಪದ ಆರಿಸಿಕೊಂಡು ಅದರ ಸ್ಪೆಲ್ಲಿಂಗು, ಅರ್ಥ, ಹುಟ್ಟಿದ ಊರು ಎಲ್ಲವನ್ನೂ ಐದು ನಿಮಿಷದಲ್ಲಿ ವೇದಿಕೆಯ ಮೇಲೆ ಹೇಳಬೇಕು; ತೀರ್ಪುಗಾರರು ಬಹುಮಾನ ಕೊಡುತ್ತಾರೆ. ಬುಧವಾರ ಕ್ಲಾಸಿನಲ್ಲಿ ಹಿಂದಿನ ಬೆಂಚಿನ ಶಾಹೀನ್ ಎದ್ದು ನಿಂತಳು. ಬಿ.ಎ. ಕೊನೆಯ ವರ್ಷದ ಹುಡುಗಿ; ಮೂರು ವರ್ಷದಲ್ಲಿ ಅವಳ ಧ್ವನಿ ನಾನು ಕೇಳಿದ್ದು ಹಾಜರಿ ಕೂಗುವಾಗ ಮಾತ್ರ. “ಸರ್, ಶಾಂಪೂ ಅನ್ನೋ ಶಬ್ದ ಎಲ್ಲಿಂದ ಬಂದದ್ರಿ?” ಎಂದು ಕೇಳಿದಳು. ನನಗೇನು ಗೊತ್ತು? ಆದರೆ ನಲವತ್ತು ಜೊತೆ ಕಣ್ಣು ನನ್ನನ್ನೇ ನೋಡುತ್ತಿದ್ದವು. “ಫ್ರೆಂಚ್!” ಎಂದೆ. ಕೊನೆಗೆ ಎರಡು ‘ಓ’ ಬರುವ ಗತ್ತು ನೋಡಿದರೆ ತಿಳಿಯುವುದಿಲ್ಲವೇ ಎಂದೂ ಸೇರಿಸಿದೆ. ಪ್ಯಾರಿಸ್ಸಿನ ರಾಣಿಯರು ಕೂದಲು ತೊಳೆಯುತ್ತಿದ್ದ ಒಂದು ಕಥೆಯನ್ನೂ ಅಲ್ಲೇ ನಿಂತು ಹೆಣೆದೆ. ಹುಡುಗಿ ಒಂದಕ್ಷರ ಬಿಡದೆ ಬರೆದುಕೊಂಡಳು.

ಮರುದಿನ ಸಂಜೆ ಬಸ್ಸಿಗೆ ಹೊತ್ತಿತ್ತು. ಕ್ಷೌರ ಮಾಡಿಸೋಣವೆಂದು ಬಸ್‌ಸ್ಟ್ಯಾಂಡಿನ ಹಿಂದಿನ ಮೆಹಬೂಬ್ ಸಾಬರ ಅಂಗಡಿಗೆ ಹೋದೆ. ಒಂಬತ್ತು ವರ್ಷದಿಂದ ನನ್ನ ತಲೆ ಅವರ ಕೈಯಲ್ಲೇ ಇದೆ. ಅಲ್ಲಿ ಒಂದು ರಿವಾಜು: ಕತ್ತರಿ ಕೆಳಗಿಟ್ಟ ಮೇಲೆ ಗಿರಾಕಿ ಏಳುವಂತಿಲ್ಲ. ಚಾಂಪಿ, ಎಂದರೆ ತಲೆ ಒತ್ತುವುದು, ಆಗಬೇಕು. ಬೇಕೋ ಬೇಡವೋ ಎಂದು ಅವರು ಕೇಳುವುದಿಲ್ಲ; ಕೇಳುವುದು ಅವರ ಪ್ರಕಾರ ಮನೆಗೆ ಬಂದವರನ್ನು ನೀರು ಬೇಕಾ ಎಂದು ಕೇಳಿದಷ್ಟೇ ಅಪಮಾನ. ಹೆಗಲಿಗೆ ಎರಡು ಸಲ ಟವೆಲ್ ಬಡಿದರೆ ಆಗ ಬಿಡುಗಡೆ.

“ಸರ್, ನಿಮ್ಮ ಕ್ಲಾಸಿನಾಗ ನಮ್ಮ ಹುಡುಗಿ ಅದಾಳ್ರಿ, ಶಾಹೀನ್” ಎಂದರು ಮೆಹಬೂಬ್ ಸಾಬ್. ನಾನು ಕುರ್ಚಿಯಲ್ಲೇ ಕುಗ್ಗಿಹೋದೆ. ಒಂಬತ್ತು ವರ್ಷ ತಲೆ ಒಪ್ಪಿಸಿದವನು ಈ ಮನುಷ್ಯನಿಗೆ ಮಕ್ಕಳೆಷ್ಟು ಎಂದು ಒಮ್ಮೆಯೂ ಕೇಳಿರಲಿಲ್ಲ. “ಶನಿವಾರ ಮಾತಾಡ್ತಾಳಂತ. ನಮ್ಮ ಅಕ್ಕ ಒಂದು ಸಂಬಂಧ ತಂದಾಳ್ರಿ, ಓದಿದ್ದು ಸಾಕಾಯ್ತು ಅಂತಾಳ. ಹುಡುಗಿ ಕಲಬುರ್ಗಿಗೆ ಹೋಗಿ ಎಂ.ಎ. ಮಾಡ್ತೀನಿ ಅಂತ ಹಟ ಹಿಡದಾಳ. ನಾ ಹೇಳೀನಿ, ಮಂದಿ ಮುಂದ ನಿಂತು ಮಾತಾಡು, ಕೇಳ್ತೀನಿ. ಆಮ್ಯಾಲೆ ಅಕ್ಕಗ ಜವಾಬು ನಾ ಕೊಡ್ತೀನಿ.” ನಾನು ಹೆಣೆದುಕೊಟ್ಟ ಪ್ಯಾರಿಸ್ಸಿನ ರಾಣಿಯರು ನೆನಪಾದರು.

ಅಷ್ಟರಲ್ಲಿ ಅವರ ಬೆರಳು ನೆತ್ತಿಗೆ ಬಂತು. ಮಾತು ಬದಲಿಸಲು, ಈ ವಿದ್ಯೆ ಎಲ್ಲಿ ಕಲಿತಿರಿ ಎಂದೆ. “ಅಬ್ಬಾನ ಹತ್ರಾನ್ರಿ. ನಾ ತಿಕ್ಕಾಕ ಹೋದ್ರ ಹಿಂದ ನಿಂತು ಒದರ್ತಿದ್ದ, ಚಾಂಪೋ! ಚಾಂಪೋ! ಅಂತ. ತಿಕ್ಕಬ್ಯಾಡ, ಒತ್ತು ಅಂತ ಅರ್ಥರಿ.” ಚಾಂಪೋ! ಶಾಂಪೂ ನೆನಪಾಗಿ ನಾನು ತಟ್ಟನೆ ಎದ್ದು ನಿಲ್ಲಲು ಹೋದೆ. ಟವೆಲ್ ಇನ್ನೂ ಬಿದ್ದಿರಲಿಲ್ಲ. ಮೆಹಬೂಬ್ ಸಾಬ್ ತಲೆ ಹಿಡಿದು ಕೂರಿಸಿದರು.

ಬಸ್ಸು ಹತ್ತಿದವನೇ ಮೊಬೈಲ್ ತೆಗೆದೆ. ರಾಜೇಶ್ವರದ ಸ್ಟಾಪು ಬರುವ ತನಕ ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇತ್ತು. ಅಲ್ಲಿ ನಿಘಂಟಿನ ಪುಟ ತೆರೆದುಕೊಂಡಿತು. ಓದಿದೆ, ಮತ್ತೊಮ್ಮೆ ಓದಿದೆ. ಖರೆ! ಹಡಗಿನಲ್ಲಿ ಬಂದ ಇಂಗ್ಲಿಷರು ಇಲ್ಲಿಯವರ ಕೈಗೆ ಮೈ ಒಪ್ಪಿಸಿ ಮಲಗಿದಾಗ ಕೇಳಿದ ಅಪ್ಪಣೆ ಅದು, ‘ಚಾಂಪೋ’. ಅದನ್ನೇ ಮೂಟೆ ಕಟ್ಟಿಕೊಂಡು ಹೋದರು. ಮೊದಮೊದಲು ಅವರ ಭಾಷೆಯಲ್ಲೂ ಅದಕ್ಕೆ ಮೈ ಒತ್ತುವುದು ಎಂದೇ ಅರ್ಥ; ಕೂದಲು ತೊಳೆಯುವ ಅರ್ಥ ಎಷ್ಟೋ ಕಾಲದ ಮೇಲೆ ಬಂತು, ಬಾಟಲಿ ಅದಕ್ಕೂ ಆಮೇಲೆ. ಅಬ್ಬಬ್ಬಾ! ಅಪ್ಪ ಮಗನಿಗೆ ಒದರುವ ಒಂದು ಮಾತು ಸಮುದ್ರ ದಾಟಿ, ಇಂಗ್ಲಿಷರ ನಿಘಂಟಿನಲ್ಲಿ ಕ್ರಿಯಾಪದವಾಗಿ ಕೂತು, ಪಾಕೀಟಿನ ಮೇಲೆ ಬರೆಸಿಕೊಂಡು, ತಿರುಗಿ ಹುಮನಾಬಾದಿನ ಕಿರಾಣಿ ಅಂಗಡಿಯಲ್ಲೇ ತೂಗಾಡುತ್ತಿದೆ! ನಾನು ಇಂಗ್ಲಿಷ್ ಎಂದರೆ ಅಲ್ಲಿಂದ ಇಲ್ಲಿಗೆ ಬರುವುದು ಎಂದೇ ತಿಳಿದಿದ್ದೆ. ಮೈ ಜುಮ್ಮೆಂದಿತು, ಕಣ್ಣು ತುಂಬಿತು. ಪಕ್ಕದಲ್ಲಿ ಕೂತಿದ್ದ ಅಜ್ಜಿ ಹೆದರಿ, “ಯಾಕ್ರೀ ಸರ್, ಮನ್ಯಾಗ ಎಲ್ಲಾ ಆರಾಮ ಅದಾರಲ್ಲ?” ಎಂದು ಕೇಳಿದಳು.

ಮನೆಗೆ ಬಂದು ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಅವಳಿಗೆ ನನ್ನ ಬೆರಗು ಬೇಕಿರಲಿಲ್ಲ. “ಆ ಹುಡುಗಿಗೆ ಯಾವಾಗ ಹೇಳ್ತೀರಿ?” ಎಂದಳು. ಹುಡುಗಿ ತಾನೇ ಕಂಡುಕೊಂಡಾಳು, ಈಗ ಹೇಳಿದರೆ ಗಾಬರಿಯಾದೀತು ಎಂದೆಲ್ಲ ನಾನು ಗುನುಗುಟ್ಟಿದೆ. “ಆಕಿದು ನಸೀಬು ಹೋಗಾಕತ್ತದ, ನಿಮಗ ನಿಮ್ಮ ಮೀಸಿ ಚಿಂತಿ” ಎಂದವಳು ದೀಪ ಆರಿಸಿಬಿಟ್ಟಳು.

ಶುಕ್ರವಾರ ಶಾಹೀನಳನ್ನು ಗ್ರಂಥಾಲಯದ ಬಾಗಿಲಲ್ಲಿ ನಿಲ್ಲಿಸಿ, ಮೊದಲ ಸಲ ಆ ಮಾತು ಆಡಿದೆ: “ಅವತ್ತು ಹೇಳಿದ್ದು ಸುಳ್ಳಮ್ಮ. ನನಗೆ ಗೊತ್ತಿರಲಿಲ್ಲ.” ಅವಳು ತಲೆ ತಗ್ಗಿಸಿ, “ನಂಗ ಗೊತ್ತಿತ್ತ್ರಿ ಸರ್” ಎಂದಳು. “ಮೊಬೈಲಿನಾಗ ಮೊದಲೇ ನೋಡಿದ್ದೆ. ಖರೆ ಏನು ಅಂತ ನಿಮ್ಮನ್ನ ಕೇಳಿದೆ. ನೀವು ಫ್ರೆಂಚ್ ಅಂದ್ರಿ. ಚಲೋ ಆಯ್ತು ಅನಿಸ್ತು.”

“ಚಲೋ ಯಾಕೆ?”

“ಚಾಂಪಿ ಅಂದ್ರ ಅಬ್ಬಾನ ಕೆಲಸ ಹೇಳಬೇಕಾಗ್ತದಲ್ರಿ. ನಾ ಎಲ್ಲಾರಿಗೂ ನಮ್ಮದೊಂದು ದುಕಾನ್ ಅದ ಅಂತ ಅಷ್ಟೇ ಹೇಳೀನಿ. ನಾಳೆ ಅಬ್ಬಾ ಬ್ಯಾರೆ ಬರಾಕತ್ತಾನ.” ಅವಳ ಕಣ್ಣಲ್ಲಿ ನೀರಿತ್ತು. ನೀನು ಏನು ಹೇಳಿದರೂ ನಾನು ನಿನ್ನ ಕಡೆಗೇ ಇರುತ್ತೇನೆ ಎಂದಷ್ಟೇ ಹೇಳಿ ಬಂದೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಶನಿವಾರ ಮೆಹಬೂಬ್ ಸಾಬ್ ಇಸ್ತ್ರಿ ಮಾಡಿದ ಬಿಳಿ ಜುಬ್ಬಾ ತೊಟ್ಟು, ಹೆಗಲಿಗೆ ಟವೆಲ್ ಹಾಕಿಕೊಂಡು ಬಾಗಿಲ ಪಕ್ಕದ ಕೊನೆಯ ಕುರ್ಚಿಯಲ್ಲಿ ಕೂತಿದ್ದರು. ಶಾಹೀನ್ ಮೈಕಿನ ಮುಂದೆ ನಿಂತಳು. ಸ್ಪೆಲ್ಲಿಂಗ್ ಹೇಳಿದಳು. ಅರ್ಥ ಹೇಳಿದಳು. ಹುಟ್ಟಿದ ಊರು ಹೇಳುವಲ್ಲಿ ತಡೆದಳು. ಯಾರೋ ಕಿಸಕ್ಕೆಂದರು. ಅವಳು ಕೈಯಲ್ಲಿದ್ದ ಚೀಟಿ ಮಡಚಿ, ನಿಧಾನವಾಗಿ ಇಂಗ್ಲಿಷಿನಲ್ಲೇ ಹೇಳಿದಳು: ಈ ಶಬ್ದ ಹುಟ್ಟಿದ್ದು ನಮ್ಮಂಥವರ ಅಂಗಡಿಯಲ್ಲಿ, ನನ್ನ ತಂದೆಗೆ ಇದರ ಅರ್ಥ ಈ ಸಭೆಯ ಎಲ್ಲರಿಗಿಂತ ಚೆನ್ನಾಗಿ ಗೊತ್ತು. ಆಮೇಲೆ ಬಾಗಿಲ ಕಡೆ ನೋಡಿ, “ಅಬ್ಬಾ, ಇಧರ್ ಆವೋ” ಎಂದಳು.

ಮೆಹಬೂಬ್ ಸಾಬ್ ಅಂಜುತ್ತ ವೇದಿಕೆ ಹತ್ತಿದರು. ಒತ್ತಿ ತೋರಿಸಲು ಈಗ ಒಂದು ತಲೆ ಬೇಕಾಗಿತ್ತು. ಪ್ರಿನ್ಸಿಪಾಲರು ತೀರ್ಪುಗಾರರನ್ನು ನೋಡಿದರು, ತೀರ್ಪುಗಾರರು ಮೇಲಿನ ಛತ್ತು ನೋಡಿದರು. ನಾನು ಎದ್ದು ಹೋಗಿ ಕುರ್ಚಿಯಲ್ಲಿ ಕೂತೆ. ಅವರ ಬೆರಳು ನನ್ನ ನೆತ್ತಿಗೆ ತಾಕಿದ್ದೇ ತಡ, ಅವರ ಅಂಜಿಕೆ ಹೋಯಿತು. ಅಪ್ಪ ಒತ್ತುತ್ತಿದ್ದರು, ಮಗಳು ವಿವರಿಸುತ್ತಿದ್ದಳು. ಆ ಇಂಗ್ಲಿಷ್ ಎಷ್ಟು ಸ್ವಚ್ಛ, ಎಷ್ಟು ಸರಾಗ! ಅಷ್ಟು ಮಾತ್ರ ನನಗೆ ನೆನಪಿದೆ. ಹೆಗಲಿಗೆ ಎರಡು ಸಲ ಟವೆಲ್ ಬಿದ್ದಾಗ ಕಣ್ಣು ಬಿಟ್ಟರೆ ಇಡೀ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿತ್ತು. ಕೊನೆಗೆ ಮೊದಲ ಬಹುಮಾನವೂ ಶಾಹೀನಳಿಗೇ ಬಂತು. ನಾನು ಗೊರಕೆ ಹೊಡೆದದ್ದು ಮೈಕಿನಲ್ಲಿ ಗೇಟಿನ ತನಕ ಕೇಳಿಸಿತಂತೆ.

ಶಾಹೀನ್ ಈಗ ಕಲಬುರ್ಗಿಯಲ್ಲಿ ಎಂ.ಎ. ಓದುತ್ತಿದ್ದಾಳೆ. ಅಂದು ಯಾರೋ ತೆಗೆದ ಫೋಟೋಕ್ಕೆ ಕಟ್ಟು ಹಾಕಿಸಿ ಮೆಹಬೂಬ್ ಸಾಬ್ ಕನ್ನಡಿಯ ಮೇಲೆ ತೂಗುಹಾಕಿದ್ದಾರೆ. ಮಗಳು ಕೈಯೆತ್ತಿ ಮಾತಾಡುತ್ತಿದ್ದಾಳೆ, ಅಪ್ಪ ಅವಳನ್ನೇ ನೋಡುತ್ತಿದ್ದಾರೆ, ನಡುವೆ ನಾನು ಬಾಯಿ ತೆರೆದು ಕತ್ತು ವಾಲಿಸಿ ಬಿದ್ದಿದ್ದೇನೆ. ಮೊನ್ನೆ ನಾನು ಸೋಪಿನ ನೊರೆ ಬಳಿಸಿಕೊಂಡು ಗುರುತು ಸಿಗದಂತೆ ಕೂತಿದ್ದಾಗ ಹೊಸ ಗಿರಾಕಿಯೊಬ್ಬ ಫೋಟೋ ನೋಡಿ, “ನಡುವ ಇರೋರು ಯಾರ್ರಿ ಸಾಬ್?” ಎಂದು ಕೇಳಿದ.

ಮೆಹಬೂಬ್ ಸಾಬ್ ಕತ್ತಿ ಮಸೆಯುತ್ತ, ಬಹಳ ಗೌರವದಿಂದ ಹೇಳಿದರು: “ನನ್ನ ಮಗಳ ಇಂಗ್ಲಿಷ್ ಸರ್ ಅದಾರ್ರಿ. ಪಾಠ ಕೇಳಾಕತ್ತಾರ.”