ಚೀಟಿ ಎತ್ತುವ ಕಂಪ್ಯೂಟರಿಗೆ ಟೊಮೆಟೊ ರಾಣಿಯ ದೂರು

ಔಷಧ ಪ್ರಯೋಗದಲ್ಲಿ ಯಾರಿಗೆ ಯಾವ ಮಾತ್ರೆಯೆಂದು ಚೀಟಿ ಎತ್ತುವ ಶ್ರೀಮಾನ್ ಕಂಪ್ಯೂಟರ್ ಅವರಿಗೆ,
ಊರು ಗೊತ್ತಿಲ್ಲ, ಸಮುದ್ರದ ಆಚೆ.

ಮಾನ್ಯರೇ,

ಕುಮಾಸಿಯ ದೊಡ್ಡ ಮಾರುಕಟ್ಟೆಯ ಟೊಮೆಟೊ ಸಾಲಿನ ಸಮಸ್ತ ಹೆಂಗಸರ ಪರವಾಗಿ ತಮಗೆ ನಮಸ್ಕಾರಗಳು. ನಮ್ಮಲ್ಲಿ ಯಾರೊಡನೆ ಮಾತು ತೆಗೆಯುವುದಿದ್ದರೂ ಮೊದಲು ಕುಡಿಯಲು ನೀರು ಕೊಟ್ಟು, ಆಮೇಲೆ ವಿಷಯಕ್ಕೆ ಬರುವುದು ಪದ್ಧತಿ. ಮೈಮೇಲೆ ನೀರು ಬಿದ್ದರೆ ತಾವು ಕೆಟ್ಟುಹೋಗುತ್ತೀರಿ ಎಂದು ನನ್ನ ಮೊಮ್ಮಗಳು ಎಚ್ಚರಿಸಿದ್ದರಿಂದ ತಮ್ಮ ಪಾಲಿನ ಲೋಟವನ್ನು ಅಂಗಳದಲ್ಲಿ ನೆಲಕ್ಕೆ ಸುರಿದು ಹಿರಿಯರನ್ನು ನೆನೆದಿದ್ದೇನೆ. ತಾವೇ ಕುಡಿದಿರಿ ಎಂದು ಭಾವಿಸತಕ್ಕದ್ದು. ತಮ್ಮ ತಂತಿಗಳೂ ಗುಂಡಿಗಳೂ ಕ್ಷೇಮವೆಂದು ನಂಬಿದ್ದೇನೆ. ಇಲ್ಲಿ ನಾವು ಅಷ್ಟೇನೂ ಕ್ಷೇಮವಾಗಿಲ್ಲ, ಈ ಪತ್ರ ಅದರ ಬಗ್ಗೆಯೇ.

ತಮ್ಮ ಲೆಕ್ಕದಲ್ಲಿ ನಾನೊಂದು ಸಂಖ್ಯೆಯಾದರೂ ಇಲ್ಲಿ ಎಲ್ಲರೂ ನನ್ನನ್ನು ರಾಣಿಯಮ್ಮ ಎನ್ನುತ್ತಾರೆ. ಅರಮನೆಯ ರಾಣಿಯಲ್ಲ, ಟೊಮೆಟೊ ರಾಣಿ. ಉತ್ತರದ ಕಡೆಯಿಂದ ಲಾರಿ ಬಂದು ನಿಂತಾಗ ಪೆಟ್ಟಿಗೆಗಳನ್ನು ಇಳಿಸಿ, ಯಾವ ಹೆಂಗಸಿಗೆ ಎಷ್ಟು ಎಂದು ಹಂಚುವುದು ನನ್ನ ಕಸುಬು. ಒಬ್ಬಳ ಬುಟ್ಟಿ ತುಂಬಿ ತುಳುಕಿ ಇನ್ನೊಬ್ಬಳದು ಖಾಲಿ ಹೋಗಕೂಡದು ಎಂಬುದು ನಮ್ಮ ಸಾಲಿನ ಮೊದಲನೆಯ ಕಟ್ಟಳೆ. ಎರಡನೆಯದು, ಕೊಳೆತ ಪೆಟ್ಟಿಗೆಯೊಂದು ಬಂದು ಯಾರೂ ಬೇಡವೆಂದರೆ ಅದನ್ನು ರಾಣಿಯೇ ತೆಗೆದುಕೊಳ್ಳಬೇಕು. ಪಟ್ಟವೆಂದರೆ ಬರೀ ತಲೆವಸ್ತ್ರದ ಬೆಡಗಲ್ಲ. ತಾವೂ ಹಂಚುವವರು, ನಾನೂ ಹಂಚುವವಳು. ಆದ್ದರಿಂದ ಇದನ್ನು ಒಂದೇ ಕಸುಬಿನ ಇಬ್ಬರ ನಡುವಿನ ಮಾತುಕತೆ ಎಂದು ದಯವಿಟ್ಟು ತಿಳಿಯಬೇಕು.

ನನಗೆ ಅಂಡಾಶಯದ ಕ್ಯಾನ್ಸರ್. ಪತ್ತೆಯಾಗುವ ಹೊತ್ತಿಗೆ ಅದು ಬಾಡಿಗೆ ಕೊಡದೆ ಹೊಟ್ಟೆಯ ತುಂಬ ಅಂಗಡಿ ಹರಡಿಕೊಂಡಿತ್ತು. ಕೊಯ್ದು ತೆಗೆದಷ್ಟು ತೆಗೆದ ಮೇಲೆ ಡಾಕ್ಟರ್ ಕ್ವಾರ್ಟೆಂಗ್ ಎಂಬ ಸಾಧುಪ್ರಾಣಿ ನನ್ನನ್ನು ಕೂರಿಸಿಕೊಂಡು, "ಹಳೇ ಡ್ರಿಪ್ ಔಷಧಿ ಜೊತೆ ಒಂದು ಹೊಸ ಮಾತ್ರೆ ಸೇರಿಸಿ ನೋಡ್ತಾ ಇದೀವಿ, ರಾಣಿಯಮ್ಮ. ಒಂದು ಮುಂಬಾಗಿಲು ಕಾದ್ರೆ ಇನ್ನೊಂದು ಹಿತ್ತಲ ಬಾಗಿಲು ಕಾಯತ್ತೆ" ಎಂದರು. ಡ್ರಿಪ್ ಎಲ್ಲರಿಗೂ ಉಂಟು. ಮಾತ್ರೆ ಮಾತ್ರ ಅರ್ಧ ಜನಕ್ಕೆ ನಿಜದ್ದು, ಇನ್ನರ್ಧಕ್ಕೆ ಅದೇ ಬಣ್ಣದ, ಅದೇ ಸೀಸೆಯ ಸಕ್ಕರೆಯದು. ಯಾರಿಗೆ ಯಾವುದೆಂದು ಡಾಕ್ಟರಿಗೂ ತಿಳಿಯದು, ನರ್ಸಿಗೂ ತಿಳಿಯದು, ಕಂಪ್ಯೂಟರಿಗೆ ಮಾತ್ರ ಗೊತ್ತು ಎಂದಾಗ ನಾನು ಸಹಜವಾಗಿಯೇ, "ಅದು ಯಾರ ಕಡೇದಪ್ಪಾ? ಒಂದು ಕೋಳಿ ಹಿಡ್ಕೊಂಡು ಹೋಗಿ ಮಾತಾಡಿಸ್ಕೊಂಡು ಬರ್ತೀನಿ" ಎಂದೆ. "ಅದಕ್ಕೆ ಯಾರೂ ನೆಂಟರಿಲ್ಲ, ರಾಣಿಯಮ್ಮ. ಅದಕ್ಕೇ ಅದನ್ನ ನಂಬೋದು" ಎಂದರು ಡಾಕ್ಟರು.

ನೆಂಟರಿಲ್ಲದವರ ಕೈಗೇ ಸೌಟು ಕೊಡುವ ಈ ಉಪಾಯಕ್ಕೆ ನಾನು ಮನಸಾರೆ ತಲೆದೂಗಿದೆ. ಮೂರು ಮನೆ ಮಾಡಿಕೊಂಡು ಮೂರನ್ನೂ ಮುಚ್ಚಿಟ್ಟ ಗಂಡಸರನ್ನು ಕಂಡಿದ್ದೇನೆ, ತಮ್ಮಂತೆ ಗುಟ್ಟು ಕಾಯುವವರನ್ನು ಕಂಡಿಲ್ಲ. ಸಹಿ ಹಾಕಿದೆ.

ಗುರುವಾರದ ಡ್ರಿಪ್ಪಿಗೆ ನಾವು ಇದೇ ರೋಗದ ಹತ್ತು ಹನ್ನೆರಡು ಹೆಂಗಸರು ಒಂದೇ ಕೋಣೆಯಲ್ಲಿ ಸಾಲಾಗಿ ಕೂರುವವರು. ತಮ್ಮ ಗುಟ್ಟು ಡಾಕ್ಟರರ ಬಳಿ ಭದ್ರವಾಗಿತ್ತೇ ಹೊರತು ನಮ್ಮ ಹೊಟ್ಟೆಗಳ ಬಳಿ ಒಂದು ತಿಂಗಳೂ ನಿಲ್ಲಲಿಲ್ಲ. ಡ್ರಿಪ್ಪಿನ ವಾಂತಿ ಎರಡು ದಿನದ್ದು. ನಿಜವಾದ ಮಾತ್ರೆಯ ವಾಂತಿ ಬೆಳಗಾದರೆ ಹಾಜರು. ವಾಂತಿ ಮಾಡುವವಳು ಪುಣ್ಯವಂತೆ, ಹಸಿವಾಗುವವಳು ನಿರ್ಭಾಗ್ಯೆ ಎಂದಾಗಿ, ಕೆಲವರು ಮರ್ಯಾದೆ ಉಳಿಸಿಕೊಳ್ಳಲು ಸುಮ್ಮಸುಮ್ಮನೆ ಓಕರಿಸತೊಡಗಿದರು. ನಿವೃತ್ತ ಮುಖ್ಯೋಪಾಧ್ಯಾಯಿನಿ ಪೊಮಾ ಟೀಚರಂತೂ ಗಂಟೆ ಹೊಡೆದಂತೆ ಹೊತ್ತಿಗೆ ಸರಿಯಾಗಿ ವಾಂತಿ ಮಾಡಿ, ಬಾಯಿ ಒರೆಸಿಕೊಂಡು, ಸುತ್ತಲಿದ್ದವರನ್ನು ಕನಿಕರದಿಂದ ನೋಡುತ್ತಿದ್ದರು. ವಾಂತಿಗೆ ಇಷ್ಟು ಗೌರವ ಬಂದದ್ದನ್ನು ನನ್ನ ಜನ್ಮದಲ್ಲಿ ಕಂಡಿರಲಿಲ್ಲ.

ನನ್ನ ಪಕ್ಕದ ಕುರ್ಚಿ ಫ್ರೆಮಾಳದು. ಬಟ್ಟೆ ಹೊಲಿಯುವವಳು, ಅವಳಿ ಮಕ್ಕಳಿಗೆ ಇನ್ನೂ ಹಾಲುಹಲ್ಲು ಬಿದ್ದಿಲ್ಲ. ಆ ಹುಡುಗಿ ಒಂದು ದಿನ ಹುಳಿ ಜೋಳದ ಕೆಂಕೆ ಉಂಡೆ ಎರಡನ್ನು ಹುರಿದ ಮೀನಿನೊಡನೆ ನುಂಗಿ, ಕೈ ನೆಕ್ಕಿ, ಗೊಳೋ ಎಂದು ಅಳಲು ಕೂತಳು. "ನಂಗೆ ಏನೂ ಆಗ್ತಿಲ್ಲ, ರಾಣಿಯಮ್ಮ. ಚೂರು ಹೊಟ್ಟೆ ತೊಳೆಸೋದೂ ಇಲ್ಲ. ಲಂಗದ ಹೊಲಿಗೆ ಮಾತ್ರ ಬಿಚ್ಚಿ ಬಿಚ್ಚಿ ಸಡಿಲ ಮಾಡ್ಕೋತಿದೀನಿ." ಅವಳ ಹೊಟ್ಟೆಯಲ್ಲಿ ರೋಗದ ನೀರು ತುಂಬುತ್ತಿತ್ತು.

ಮಾನ್ಯರೇ, ಹಂಚಿಯೇ ತಲೆ ನರೆತವಳ ಕಣ್ಣೆದುರು ಒಬ್ಬಳ ಬುಟ್ಟಿ ಖಾಲಿಯಿದ್ದರೆ ಅವಳು ಏನು ಮಾಡಬೇಕು? ತಲೆವಸ್ತ್ರ ಬಿಚ್ಚಿ ಸೊಂಟಕ್ಕೆ ಬಿಗಿದೆ, ದೊಡ್ಡ ಬೋಗುಣಿ ತರಿಸಿದೆ, "ಎಲ್ರೂ ನಿಮ್ಮ ನಿಮ್ಮ ಸೀಸೆ ತಗೊಂಡು ಬನ್ರೇ" ಎಂದೆ. ಪೊಮಾ ಟೀಚರ್ ಎದ್ದು ನಿಂತು, "ಇದು ತಪ್ಪಾಗತ್ತೆ. ನಾವು ಕಾಗದಕ್ಕೆ ಸಹಿ ಹಾಕಿದೀವಿ" ಎಂದರು. "ಕಾಗದದಲ್ಲಿ ಏನಿದೆ, ನೀವೇ ಓದಿ ಟೀಚರ್" ಎಂದೆ. ಅವರು ಕನ್ನಡಕ ಏರಿಸಿ, ಮಾತ್ರೆಗಳನ್ನು ಪ್ರಯೋಗದ ಹೊರಗಿನ ಯಾರಿಗೂ ಕೊಡತಕ್ಕದ್ದಲ್ಲ ಎಂಬ ಸಾಲನ್ನು ಸ್ಪಷ್ಟವಾಗಿ ಓದಿದರು. "ಸರಿ. ಈ ಕೋಣೇಲಿ ಹೊರಗಿನೋರು ಯಾರಿದ್ದಾರೆ, ತೋರಿಸಿ ನೋಡೋಣ." ಟೀಚರ್ ಕನ್ನಡಕದ ಮೇಲಿಂದ ಒಬ್ಬೊಬ್ಬರನ್ನೇ ನೋಡಿದರು, ಫ್ರೆಮಾಳನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿದರು, ಆಮೇಲೆ ತಮ್ಮ ಸೀಸೆಯ ಮುಚ್ಚಳ ತಿರುಗಿಸಿದರು. ಎಲ್ಲ ಮಾತ್ರೆಗಳನ್ನೂ ಬೋಗುಣಿಗೆ ಸುರಿದು, ಚೆನ್ನಾಗಿ ಕಲಸಿ, ತಿರುಗಿ ಸಮನಾಗಿ ತುಂಬಿಕೊಟ್ಟೆ. ಅಂದಿನಿಂದ ಎಲ್ಲರಿಗೂ ಸ್ವಲ್ಪ ವಾಂತಿ, ಎಲ್ಲರಿಗೂ ಸ್ವಲ್ಪ ಹಸಿವು. ಎರಡು ತಿಂಗಳಲ್ಲಿ ಫ್ರೆಮಾ ಲಂಗವನ್ನು ಒಳಗೆ ಹಿಡಿದು ಹೊಲಿದುಕೊಂಡಳು. ಕೋಣೆಯಲ್ಲಿ ಅವತ್ತು ಹಾಡಿದೆವು.

ಇಲ್ಲಿಂದ ಮುಂದಿನದು ತಮ್ಮ ಕಡೆಯವರ ಪರಾಕ್ರಮ. ಸಮುದ್ರದಾಚೆಯ ದೊಡ್ಡವರು ನಡುವೆ ಲೆಕ್ಕ ತೆಗೆದು ನೋಡಿದರೆ, ಕುಮಾಸಿಯಲ್ಲಿ ಸಕ್ಕರೆ ತಿಂದವರು ಔಷಧ ತಿಂದವರಷ್ಟೇ ಚೆನ್ನಾಗಿದ್ದಾರಂತೆ! ಈ ಪವಾಡದ ಸಕ್ಕರೆಯನ್ನು ಕಣ್ಣಾರೆ ನೋಡಲು ಸಾಹೇಬರೊಬ್ಬರು ವಿಮಾನ ಹತ್ತಿ ಬಂದೇಬಿಟ್ಟರು. ನಮ್ಮ ನೀರು ಅಳೆದರು, ತಾಳೆ ಎಣ್ಣೆ ಅಳೆದರು, ಮಣ್ಣನ್ನೂ ಬಿಡಲಿಲ್ಲ. ಹೆಗ್ಗೆಣಸು ಸಾಲಿನ ರಾಣಿ, ನನ್ನ ಹಳೆಯ ವೈರಿ, "ಎಲ್ಲಾ ನಮ್ಮ ಗೆಣಸಿನ ಮಹಿಮೆ ಕಣ್ರೀ" ಎಂದು ಎದೆ ಸೆಟೆಸಿಕೊಂಡು ಓಡಾಡಿದಳು. ಪಾದ್ರಿಗಳು ತಮ್ಮ ಪ್ರಾರ್ಥನೆಯ ಫಲವೆಂದು ಮೈಕಿನಲ್ಲೇ ಸಾರಿದರು. ಕಡೆಗೆ ಸಾಹೇಬರು ನನ್ನ ಬಳಿ ಬಂದು, ನೀವು ಏನು ತಿನ್ನುತ್ತೀರಿ ಎಂದು ವಿನಯದಿಂದ ಕೇಳಿದರು. "ಏನು ಸಿಕ್ಕಿದ್ರೂ ಹಂಚ್ಕೊಂಡು ತಿಂತೀವಿ ಸ್ವಾಮಿ" ಎಂದು ಸತ್ಯವನ್ನೇ ಹೇಳಿದೆ. ಅವರು ತಲೆಯಾಡಿಸಿ ಬರೆದುಕೊಂಡು, ಪರೀಕ್ಷೆಗೆಂದು ನಮ್ಮ ಒಣಮೆಣಸಿನಕಾಯಿ ಕಟ್ಟಿಸಿಕೊಂಡು ಹೋದರು.

ಆಮೇಲೆ ಒಂದು ಗುರುವಾರ ಡಾಕ್ಟರ್ ಕ್ವಾರ್ಟೆಂಗ್ ತಲೆ ತಗ್ಗಿಸಿಕೊಂಡು ಬಂದರು. ಸಕ್ಕರೆಗಿಂತ ಹೆಚ್ಚೇನೂ ಮಾಡದ ಮಾತ್ರೆಯನ್ನು ಇನ್ನು ಕೊಡುವುದು ಬೇಡ, ಪ್ರಯೋಗ ನಿಲ್ಲಿಸಿ ಎಂದು ಮೇಲಿನಿಂದ ಹೇಳಿಕಳಿಸಿದ್ದರು. "ಹಂಗಾದ್ರೆ ನಂ ಮಾತ್ರೆ?" ಎಂದಳು ಫ್ರೆಮಾ. ನಾನು ಎದ್ದು ಬೋಗುಣಿಯ ಕಥೆಯನ್ನು ಮೊದಲಿಂದ ಕೊನೆಯವರೆಗೆ ಹೇಳಿದೆ.

ಡಾಕ್ಟರು ಮೊದಲು ನಕ್ಕರು, ಆಮೇಲೆ ಕಣ್ಣೊರೆಸಿಕೊಂಡರು. "ಅಯ್ಯೋ ರಾಣಿಯಮ್ಮ, ಎಂಥ ಕೆಲಸ ಮಾಡಿಬಿಟ್ರಿ! ಒಳ್ಳೇ ಮಾತ್ರೆನ ಕೈಯಾರೆ ಸಕ್ಕರೆ ಮಾಡಿಬಿಟ್ರಲ್ಲ! ತಕ್ಕಡಿಯ ಎರಡೂ ತಟ್ಟೆಗೆ ಸಮ ಹಾಕಿದ್ರೆ ಮುಳ್ಳು ಅಲ್ಲಾಡೋದು ಹೇಗೆ? ಇದು ಕೆಲಸ ಮಾಡತ್ತೆ ಅಂತ ತೋರಿಸ್ದೇ ಇದ್ರೆ ನಾಳೆ ಬರೋ ಹೆಂಗಸರಿಗೆ ಯಾರು ಕೊಡ್ತಾರೆ?" ತಕ್ಕಡಿಯ ಮಾತು ನನಗೆ ಇನ್ನೊಬ್ಬರು ಹೇಳಿಕೊಡಬೇಕಾಗಿರಲಿಲ್ಲ. ಸುಳ್ಳು ತಕ್ಕಡಿ ಹಿಡಿದವರನ್ನು ಸಾಲಿನಿಂದ ಓಡಿಸಿದವಳು ನಾನು. ಅವತ್ತು ನನಗೆ ನಿಜವಾಗಿ ನೋವಾಯಿತು, ಮಾನ್ಯರೇ. ತೂಗಬೇಕಾದರೆ ಒಂದು ತಟ್ಟೆ ಖಾಲಿ ಇರಲೇಬೇಕು ಎಂದು ಒಪ್ಪಿಕೊಂಡೆ.

ಡಾಕ್ಟರು ಯಾರು ಯಾರಿಗೋ ಕೈಮುಗಿದು, ನಮ್ಮ ಹಳೆಯ ಲೆಕ್ಕವನ್ನೆಲ್ಲ ಅಳಿಸಿ, ಹೊಸದಾಗಿ ಚೀಟಿ ಎತ್ತಲು ಒಪ್ಪಿಸಿದರು. ಬೋಗುಣಿಯನ್ನು ಪೊಮಾ ಟೀಚರ್ ಮನೆಗೆ ಒಯ್ದು ಬೀಗ ಹಾಕಿಟ್ಟು, ಇನ್ನು ಹಂಚುವುದಿಲ್ಲವೆಂದು ನಮ್ಮೆಲ್ಲರಿಂದ ಬೈಬಲ್ ಮುಟ್ಟಿಸಿ ಆಣೆ ಹಾಕಿಸಿದರು. ಆಗ ತಾವು ಎರಡನೆಯ ಸಲ ತಮ್ಮ ಅಮೃತಹಸ್ತದಿಂದ ಚೀಟಿ ಎತ್ತಿದಿರಿ. ಒಂದು ವಾರ ಕಳೆಯುವುದರೊಳಗೆ ನಾನು ಬೆಳಗಾದರೆ ಬಚ್ಚಲಿಗೆ ಓಡುತ್ತಿದ್ದೆ. ಫ್ರೆಮಾ ಎರಡು ಉಂಡೆ ಕೆಂಕೆ ತಿಂದು ಕಿಟಕಿಯ ಕಡೆ ತಿರುಗಿ ಕೂತಿದ್ದಳು. ಈಗ ಲಂಗದ ಹೊಲಿಗೆ ಮತ್ತೆ ಬಿಚ್ಚಿಕೊಂಡಿದ್ದಾಳೆ.

ನನ್ನ ದೂರು ಇಷ್ಟೇ. ಅದೇ ಹೆಂಗಸಿಗೆ ಎರಡು ಸಲ ಖಾಲಿ ಬುಟ್ಟಿ! ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಎನ್ನೋಣವೆಂದರೆ ತಮಗೆ ಕಣ್ಣೇ ಇಲ್ಲ. ಕುಡಿದ ಲಾರಿ ಡ್ರೈವರನೂ ಹೀಗೆ ಹಂಚಲಾರ. ತಮ್ಮ ನಿಷ್ಪಕ್ಷಪಾತವನ್ನು ನಾನು ಎಷ್ಟು ಮೆಚ್ಚಿದ್ದೇನೆಂದರೆ, ಅದು ನಮ್ಮ ಕೋಣೆಗಷ್ಟೇ ಸೀಮಿತವಾಗಬಾರದು ಎಂಬುದು ನನ್ನ ಆಸೆ. ಪ್ರಯೋಗ ಹೂಡಿದ ದೊಡ್ಡವರು ಹತ್ತುವ ವಿಮಾನಗಳಲ್ಲಿ ಅರ್ಧಕ್ಕೆ ನಿಜವಾದ ಪೈಲಟನನ್ನೂ ಇನ್ನರ್ಧಕ್ಕೆ ಅದೇ ಟೋಪಿ ಹಾಕಿದ ಸಕ್ಕರೆ ಪೈಲಟನನ್ನೂ ತಾವೇ ಚೀಟಿ ಎತ್ತಿ ಕಳಿಸಬೇಕು, ಇಳಿಯುವವರೆಗೆ ಯಾರಿಗೂ ಹೇಳಬಾರದು. ತಾವೂ ಒಂದು ತಿಂಗಳು ಸಕ್ಕರೆ ಕರೆಂಟಿನ ಮೇಲೆ ಓಡಿ ನೋಡಬೇಕು. ನಮ್ಮ ಬೀದಿಯ ದೀಪಗಳನ್ನು ನೋಡಿದರೆ ಆ ಪ್ರಯೋಗ ಇಲ್ಲಿ ಆಗಲೇ ನಡೆಯುತ್ತಿರುವಂತಿದೆ. ಇವೆರಡೂ ಕಷ್ಟವಾದರೆ ತಾವು ಖುದ್ದಾಗಿ ಕುಮಾಸಿಗೆ ಬಂದು ಫ್ರೆಮಾಳ ಅವಳಿ ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಚೀಟಿಯ ಧರ್ಮವನ್ನು ತಿಳಿಯಹೇಳಬೇಕು. ತೊಡೆ ಇಲ್ಲದಿದ್ದರೆ ನಮ್ಮ ಸಾಲಿನವರು ಒಂದನ್ನು ಒದಗಿಸುತ್ತಾರೆ.

ಇದೆಲ್ಲ ನಗೆಮಾತೆಂದು ತಳ್ಳಿಹಾಕಿದರೂ ಚಿಂತೆಯಿಲ್ಲ, ಒಂದನ್ನು ಮಾತ್ರ ನಡೆಸಿಕೊಡಬೇಕು. ತಟ್ಟೆ ಖಾಲಿ ಇರಲಿ, ಆದರೆ ಅದರಲ್ಲಿ ನಾನು ಕೂರುತ್ತೇನೆ. ನನ್ನ ಮಕ್ಕಳಿಗೆ ಮಕ್ಕಳಾಗಿವೆ. ಫ್ರೆಮಾಳದು ಫ್ರೆಮಾಳಿಗೆ ಸಲ್ಲಲಿ, ಸಕ್ಕರೆ ನನಗಿರಲಿ. ಕೊಳೆತ ಪೆಟ್ಟಿಗೆ ರಾಣಿಯದು ಎಂದು ಮೊದಲೇ ಅರಿಕೆ ಮಾಡಿಕೊಂಡಿದ್ದೇನೆ. ಡಾಕ್ಟರನ್ನು ಕೇಳಿದರೆ, "ಆರಿಸ್ಕೊಳ್ಳೋ ಹಾಗಿಲ್ಲ, ರಾಣಿಯಮ್ಮ. ಆರಿಸಿದ್ರೆ ಅದು ಚೀಟಿನೇ ಅಲ್ಲ" ಎಂದು ಕೈಚೆಲ್ಲಿದರು. ಆದ್ದರಿಂದ ನೇರವಾಗಿ ತಮ್ಮನ್ನೇ ಬೇಡುತ್ತಿದ್ದೇನೆ. ತಮ್ಮ ಉತ್ತರಕ್ಕಾಗಿ ಮುಂದಿನ ಗುರುವಾರದವರೆಗೆ ಕಾಯುತ್ತೇನೆ.

ಒಂದೇ ಕಸುಬಿನ ಸಲುಗೆಯಿಂದ,
ತಮ್ಮ ವಿಶ್ವಾಸಿ,
ಬಿರಾಗೊ
ಟೊಮೆಟೊ ರಾಣಿ, ಕುಮಾಸಿ

ತಾ.ಕ.: ಗುರುವಾರ ಬಂತು, ತಮ್ಮ ಉತ್ತರ ಬರಲಿಲ್ಲ. ಅದಾಗಿ ಈಗ ಒಂದೂವರೆ ತಿಂಗಳು. ಪತ್ರವನ್ನು ಪತ್ರಿಕೆಗೆ ಕೊಡುತ್ತಿದ್ದೇನೆ. ಡಾಕ್ಟರಿಗೆ ಓದಲು ಬಿಡುವಿಲ್ಲ, ಫ್ರೆಮಾ ಪತ್ರಿಕೆಯನ್ನು ರವಿಕೆಯ ಅಳತೆ ಕತ್ತರಿಸಲು ಮಾತ್ರ ಕೊಳ್ಳುತ್ತಾಳೆ. ಆ ಗುರುವಾರ ಅವಳು ಡ್ರಿಪ್ ಏರಿಸಿಕೊಂಡು ನಿದ್ದೆಹೋಗಿದ್ದಾಗ ಅವಳ ಚೀಲ ನನ್ನ ಕುರ್ಚಿಯ ಕೆಳಗಿತ್ತು, ಸೀಸೆಗಳ ಮೇಲಿನ ಹೆಸರುಗಳು ಮಾತ್ರ ಇದ್ದಂತೆಯೇ ಇವೆ, ತಕ್ಕಡಿಗೆ ತಟ್ಟೆಗಳೂ ಎರಡೇ ಇವೆ, ಒಂದು ಈಗಲೂ ಖಾಲಿಯೇ. ಅದಕ್ಕಿಂತ ಹೆಚ್ಚು ಹೇಳಲಾರೆ, ಗುಟ್ಟು ಕಾಯುವುದನ್ನು ತಮ್ಮಿಂದಲೇ ಕಲಿತೆ. ಫ್ರೆಮಾ ಈಗ ಬೆಳಗಾದರೆ ವಾಂತಿ ಮಾಡಿ, ಕುಣಿಯುತ್ತ ಬಂದು ಎಲ್ಲರಿಗೂ ಹೇಳುತ್ತಾಳೆ. ನನಗೆ ಚೆನ್ನಾಗಿ ಹಸಿವಾಗುತ್ತಿದೆ, ಎರಡು ಉಂಡೆ ಕೆಂಕೆ ಸಾಲುತ್ತಿಲ್ಲ. ನಿನ್ನೆ ಅವಳು ತನ್ನ ಲಂಗವನ್ನು ಒಳಗೆ ಹಿಡಿದು ಹೊಲಿದುಕೊಂಡಳು. ನನ್ನದನ್ನು ಸಡಿಲಿಸಲು ಅವಳ ಕೈಗೇ ಕೊಟ್ಟಿದ್ದೇನೆ. "ತಿಂದೂ ತಿಂದೂ ದಪ್ಪಗಾಗಿದೀರ, ರಾಣಿಯಮ್ಮ" ಎಂದು ಸೊಂಟಕ್ಕೆ ಅಳತೆಪಟ್ಟಿ ಸುತ್ತಿ ನಗುತ್ತಾಳೆ.