ಐದು ಹನಿ ಹೆಪ್ಪು

ನಮ್ಮ ಚಿಗವ್ವ ದೇವರಿಗೆ ಒಂದು ದಿನ ಹೂವು ಏರಿಸುವುದನ್ನು ಮರೆತಾಳು, ಹಾಲಿಗೆ ಹೆಪ್ಪು ಹಾಕುವುದನ್ನು ಮಾತ್ರ ಮರೆಯಳು. ಹೊತ್ತು ಮುಳುಗಿದ ಮೇಲೆ ಅವಳಿಂದ ಒಂದು ಚಮಚ ಹೆಪ್ಪು ಪಡೆದವರು ಬೇವೂರಿನಲ್ಲಿ ಇನ್ನೂ ಹುಟ್ಟಿಲ್ಲ! ಇಂಥವಳ ಮನೆಗೆ ನಾನು ಬಾಣಂತನಕ್ಕೆ ಹೋದೆ. ತಾಯಿ ಇಲ್ಲದ ನನಗೆ ಅವ್ವನ ತಂಗಿಯೇ ಗತಿ.

ಮೂರನೇ ವಾರದಿಂದ ನನ್ನ ಮಗಳು ಸರಿಯಾಗಿ ದೀಪ ಹಚ್ಚುವ ಹೊತ್ತಿಗೆ ಅಳಲು ಹಿಡಿದಳು. ಕಾಲು ಹೊಟ್ಟೆಗೆ ಎಳೆದುಕೊಂಡು ಎರಡು ತಾಸು! ಇಂಗಿನ ಲೇಪವೂ ಆಯಿತು, ಬೆಚ್ಚಗಿನ ವೀಳ್ಯದೆಲೆಯೂ ಆಯಿತು. ಕೊನೆಗೆ ಓಣಿಯ ಹೆಂಗಸರು ಕೂತು ತೀರ್ಪು ಕೊಟ್ಟರು: ತಾಯಿಯ ಹಾಲು ಸರಿಯಿಲ್ಲ. ಚಿಗವ್ವ ಅದನ್ನೇ ನಂಬಿ ನನಗೆ ಬದನೆಕಾಯಿ ಬಿಡಿಸಿದಳು, ಆಮೇಲೆ ಬೇಳೆ, ಆಮೇಲೆ ಆಲೂಗಡ್ಡೆ. ಉಳಿದದ್ದು ರೊಟ್ಟಿ ಮತ್ತು ಬೈಗುಳ. ಅಳುವವಳು ಕೂಸು, ಶಿಕ್ಷೆ ನನಗೆ! ಇದ್ಯಾವ ನ್ಯಾಯ? ಸಿಟ್ಟಿನಿಂದ ಮೈ ಉರಿಯುತ್ತಿತ್ತು. ಆದರೂ ಎದೆಗೆ ಹಚ್ಚಿಕೊಳ್ಳುವಾಗಲೆಲ್ಲ ಅಂಜಿಕೆ, ನಾನೇ ಇದಕ್ಕೆ ವಿಷ ಉಣಿಸುತ್ತಿದ್ದೇನೆಯೇ ಎಂದು.

ಕೊಪ್ಪಳದ ಮಕ್ಕಳ ಡಾಕ್ಟರು ಕೂಸನ್ನು ಪೂರ್ತಿ ಪರೀಕ್ಷಿಸಿ, ತೂಕ ಚೆನ್ನಾಗಿ ಏರಿದೆ, ಈ ಹೊಟ್ಟೆನೋವು ಕೆಲವು ತಿಂಗಳಲ್ಲಿ ತಾನೇ ಹೋಗುತ್ತದೆ ಎಂದರು. ಪ್ರೋಬಯೋಟಿಕ್ ಹನಿ ಬರೆದುಕೊಟ್ಟು, ಕೆಲವು ಕೂಸುಗಳಿಗೆ ಹಿಡಿಸುತ್ತದೆ, ಕೆಲವಕ್ಕೆ ಇಲ್ಲ, ದಿನಕ್ಕೆ ಐದೇ ಹನಿ ಹಾಕಿ ನೋಡಿ ಎಂದರು. ಅದರಲ್ಲಿ ಒಳ್ಳೆಯ ಕ್ರಿಮಿಗಳಿವೆ ಎಂದು ನಾನು ಹೇಳಿದ್ದೇ ತಡ, ಚಿಗವ್ವ ಸೀಸೆ ಕಸಿದುಕೊಂಡಳು.

"ಹಸಿಗೂಸಿಗೆ ಹುಳಾ ಕುಡಸ್ತೀಯೇನು?"

ಮೊಸರಿನ ಹೆಪ್ಪಿನಲ್ಲೂ ಅಂಥವೇ ಇರುತ್ತವೆ, ಇದು ಹೊಟ್ಟೆಗೆ ಹಾಕುವ ಹೆಪ್ಪು ಎಂದು ತಿಳಿಸಿ ಹೇಳಿದೆ. ದೊಡ್ಡ ಬುದ್ಧಿವಂತಿಕೆ ನನ್ನದು! ಮರುದಿನ ಬೆಳಿಗ್ಗೆ ಸೀಸೆ ಖಾಲಿ. ಚಿಗವ್ವ ಹಾಲಿನ ಬಟ್ಟಲು ಹಿಡಿದು ಎದುರಿಗೆ ನಿಂತಿದ್ದಳು.

"ಪೂರ್ತಿ ಸುರುವೀನಿ, ಹಾಲು ಹಾಲಾಗೇ ಐತಿ. ಬಟ್ಟಲದಾಗ ಆಗಲಾರದ್ದು ಹೊಟ್ಟ್ಯಾಗ ಏನ್ ಆದೀತು?"

ಬಾಣಂತಿ ಎಂಬುದನ್ನೂ ಮರೆತು ಕೂಗಾಡಿದೆ. ಡಾಕ್ಟರು ಕೊಟ್ಟ ಔಷಧಕ್ಕೆ ಇವಳ ಅಡುಗೆಮನೆಯಲ್ಲಿ ಪರೀಕ್ಷೆಯೇ? ಅವಳು ಡಾಕ್ಟರ ಚೀಟಿ ಹಿಡಿದು ಬಸ್ಸು ಹತ್ತಿದಳು, ಮಧ್ಯಾಹ್ನ ಹೊಸ ಸೀಸೆ ತಂದಳು. ಔಷಧದಂಗಡಿಯಲ್ಲಿ, ನಿನ್ನೆಯದು ಹಿಡಿಯಲಿಲ್ಲ, ತಾಜಾ ಹೆಪ್ಪು ಕೊಡು ಎಂದು ಜಗಳ ಬೇರೆ ಮಾಡಿದ್ದಳಂತೆ!

ಅಂದಿನಿಂದ ಸೀಸೆ ಮೊಸರಿನ ಗಡಿಗೆಯ ಪಕ್ಕ ಕೂತಿತು. ಐದು ಹನಿ ಹೊತ್ತು ಮುಳುಗುವ ಮೊದಲೇ ಆಗಬೇಕು. ಮುಳುಗಿದ ಮೇಲೆ ಹೆಪ್ಪು ಕದಲಿಸುವಂತಿಲ್ಲ. ನನ್ನ ಮಗಳ ಔಷಧಕ್ಕೆ ನಾನು ಸೂರ್ಯನ ಅಪ್ಪಣೆ ಕೇಳಬೇಕೆ? ಕೇಳಿದೆ, ಇನ್ನೇನು ಮಾಡಲಿ.

ಎರಡು ವಾರದಲ್ಲಿ ಅಳು ಅರ್ಧಕ್ಕಿಳಿಯಿತು. ಹನಿಯಿಂದಲೋ, ಕೂಸು ಬಲಿತದ್ದರಿಂದಲೋ, ಡಾಕ್ಟರೂ ಎದೆ ತಟ್ಟಿ ಹೇಳಲಿಲ್ಲ. ಓಣಿಯ ಹೆಂಗಸರು ಮತ್ತೆ ಬಂದು ಕೂತರು. ಬದನೆಕಾಯಿ ಬಿಡಿಸಿದ್ದಕ್ಕೇ ತಾಯಿಯ ಕೆಟ್ಟ ಹಾಲು ಸುಧಾರಿಸಿತು ಎಂದಳು ಒಬ್ಬಳು. ನಾನು ತಲೆ ತಗ್ಗಿಸಿದೆ. ಒಳಗಿನಿಂದ ಚಿಗವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು.

"ನಲವತ್ತು ವರ್ಷ ಮೊಸರು ಮಾಡೀನಿ ನಾನು. ಹಾಲು ಕೆಟ್ಟಿದ್ರ ಯಾವ ಹೆಪ್ಪೂ ಹಿಡಿಯೂದಿಲ್ಲ, ಕೂಸಿನ ಹೊಟ್ಟ್ಯಾಗ ಹಿಡದೈತಿ. ನಮ್ಮ ಹುಡುಗಿ ಹಾಲು ಮೊದಲಿಂದ್ಲೂ ಛಲೋನ ಐತಿ. ಕೆಟ್ಟೈತಿ ಅಂತ ನಾನೂ ಅಂದಿದ್ದೆ, ತಪ್ಪು ನಂದು."

ಆಮೇಲೆ ನನ್ನ ತಾಟಿಗೆ ಬಿಸಿ ರೊಟ್ಟಿ ಹಾಕಿ, ಪಕ್ಕದಲ್ಲಿ ಎರಡು ಎಣ್ಣೆಗಾಯಿ ಬದನೆ ಇಟ್ಟಳು. ಆ ಸಂಜೆ ನಮ್ಮ ಮನೆಯಲ್ಲಿ ಅತ್ತವಳು ನಾನೊಬ್ಬಳೇ.