ಗೋಡೆಗೆ ಸೀಗೆಪುಡಿ

ಹೊಟ್ಟೆಕಿಚ್ಚಿಗೂ ಒಂದು ಘನತೆ ಬೇಕು. ಜನ ಪರರ ಬಂಗಾರ ನೋಡಿ ಕರುಬುತ್ತಾರೆ, ಸೈಟು ನೋಡಿ ಕರುಬುತ್ತಾರೆ, ಪಕ್ಕದ ಮನೆಯ ಹುಡುಗಿ ತೆಗೆದ ಅಂಕ ಕೇಳಿ ಊಟ ಬಿಡುತ್ತಾರೆ. ಇವೆಲ್ಲ ನಾಲ್ಕು ಜನರೆದುರು ಹೇಳಿಕೊಳ್ಳಬಹುದಾದ ಸಂಕಟಗಳು. ನನ್ನದನ್ನು ಹೇಳಿಕೊಂಡರೆ ನಗುತ್ತಾರೆ. ನಾನು ಕರುಬಿದ್ದು ಒಂದು ಗೋಡೆಯನ್ನು ನೋಡಿ. ಅದು ನನ್ನ ಹೆಂಡತಿಯ ಅಕ್ಕನ ಗಂಡ, ಅಂದರೆ ನನ್ನ ಷಡ್ಡಕ ಗುರುರಾಜನ ಮನೆಯ ಗೋಡೆ. ಎದುರಿಗೆ ‘ಗುರುರಾಯರೇ’ ಎನ್ನುತ್ತೇನೆ, ಮನಸ್ಸಿನೊಳಗೆ ಏಕವಚನ.

ಗುರುರಾಜನಿಗೆ ಸಂಡೂರಿನಲ್ಲಿ ಗಣಿ ಕಂಪನಿಯೊಂದರ ಸ್ಟೋರಿನಲ್ಲಿ ಕೆಲಸ. ಬೆಳಿಗ್ಗೆ ಒಣಹಾಕಿದ ಬಿಳಿ ಪಂಚೆ ಸಂಜೆಗೆ ಅದಿರಿನ ಧೂಳು ಕುಡಿದು ಕೆಂಪಗಾಗುವ ಊರು ಅದು. ಅಂಥಲ್ಲಿ ಅವನ ಪಡಸಾಲೆಯ ಗೋಡೆ ಈಗಷ್ಟೇ ಕಾಯಿಸಿದ ಹಾಲಿನ ಹಾಗಿದೆ. ನಾನೋ ಹೊಸಪೇಟೆಯ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ನನ್ನ ಪಡಸಾಲೆಯಲ್ಲಿ ದಿವಾನದ ಹಿಂದಿನ ಗೋಡೆಗೆ ಅಂಗೈಯಗಲದ ಎಣ್ಣೆ ಕಲೆ. ನಡುವೆ ಕಪ್ಪು, ಅಂಚಿಗೆ ಹಳದಿ. ಬಂದವರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ.

ಭಾನುವಾರ ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುವುದು ನನ್ನ ರೂಢಿ. ಭಾನುವಾರವೇ ಗುರುರಾಜನೂ ತರಕಾರಿ ಕೊಳ್ಳಲು ಹೊಸಪೇಟೆಗೆ ಬಂದು, ನಮ್ಮಲ್ಲೇ ಊಟ ಮುಗಿಸಿ ಹೋಗುತ್ತಾನೆ. ಅವನೆದುರಿಗೇ ನನ್ನ ಹೆಂಡತಿ ಸುಧಾ ಶುರುಮಾಡುತ್ತಾಳೆ. “ರೀ, ಇಷ್ಟ್ ಎಣ್ಣಿ ಹಚ್ಕೊಂಡು ಗ್ವಾಡಿಗೆ ಒರಗಬ್ಯಾಡ್ರಿ ಅಂತ ಎಷ್ಟ್ ಸಲ ಹೇಳ್ಲಿ? ಭಾವನ ಮನಿ ಗ್ವಾಡಿ ನೋಡೀರಿಲ್ಲೋ, ಒಂದ್ ಚುಕ್ಕಿ ಇಲ್ಲ.” ಆಗ ಗುರುರಾಜ ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಾ ತಲೆಯನ್ನೇ ಎತ್ತುವುದಿಲ್ಲ. ದೊಡ್ಡವರ ವಿನಯ ಅಂದುಕೊಂಡು ನಾನು ಇನ್ನಷ್ಟು ಉರಿದುಕೊಳ್ಳುತ್ತಿದ್ದೆ.

ಈ ಉರಿ ಇಂದಿನದಲ್ಲ. ಬುಕ್ಕಸಾಗರದ ನಮ್ಮ ಮಾವನವರು ವರ್ಷಕ್ಕೊಮ್ಮೆ ಇಬ್ಬರು ಅಳಿಯಂದಿರಿಗೂ ಒಂದೊಂದು ಮೂಟೆ ಅಕ್ಕಿ ಕಳಿಸುತ್ತಾರೆ. ಒಂದೇ ಗದ್ದೆಯದು. ಆದರೂ ಸಂಡೂರಿನ ಮೂಟೆಯ ಅನ್ನವೇ ಹೆಚ್ಚು ಉದುರುದುರಾಗುತ್ತದೆ ಎಂದು ನನಗೆ ಅನುಮಾನ. ಅಲ್ಲಿ ಊಟಕ್ಕೆ ಕೂತಾಗೆಲ್ಲ ಯಾರೂ ನೋಡದ ಹಾಗೆ ಒಂದು ಅಗುಳು ಹಿಚುಕಿ ಪರೀಕ್ಷಿಸುತ್ತೇನೆ.

ಈ ವರ್ಷ ಮಾವನವರಿಗೆ ಎಪ್ಪತ್ತು ತುಂಬಿತು. ಶಾಂತಿ ಮಾಡಿಸಬೇಕಿತ್ತು. ಹೊಸಪೇಟೆಯಾದರೆ ನೆಂಟರಿಗೆಲ್ಲ ರೈಲು, ಬಸ್ಸು ಅನುಕೂಲ ಎಂದು ನಾನೇ ಮುಂದೆ ಬಿದ್ದು ನಮ್ಮ ಮನೆಯಲ್ಲೇ ಎಂದು ಒಪ್ಪಿಸಿದೆ. ಒಂದು ದಿನದ ಮಟ್ಟಿಗಾದರೂ ದೊಡ್ಡ ಅಳಿಯನಿಗಿಂತ ದೊಡ್ಡವನಾಗಬೇಕೆಂಬ ಆಸೆ. ಎಲ್ಲ ನಿಶ್ಚಯವಾದ ಮೇಲೆ, ಇನ್ನೊಂದು ವಾರವಿದೆ ಎನ್ನುವಾಗ ಸುಧಾ ಗೋಡೆಯ ಮುಂದೆ ನಿಂತು, “ಈ ಕಲಿ ಹಿಂಗ ಇದ್ರ ನನಗ ನಾಚಿಕಿ ಆಗ್ತದ. ಸಂಡೂರಾಗ ಮಾಡೋಣು, ಅಕ್ಕ ಒಲ್ಲೆ ಅನ್ನಂಗಿಲ್ಲ” ಎಂದುಬಿಟ್ಟಳು. ಪೇಂಟರನಿಗೆ ಫೋನು ಮಾಡಿದರೆ ಹಬ್ಬ ಕಳೆದ ಮೇಲೆ ನೋಡೋಣ ಎಂದ. ಸಂಡೂರಿನ ಹೆಸರು ಕೇಳಿದ ಮೇಲೆ ನಾನು ಸುಮ್ಮನೆ ಕೂರುವ ಹಾಗಿರಲಿಲ್ಲ.

ಶನಿವಾರ ಸ್ಕೂಲು ಮುಗಿಸಿ ಬಂದವನು ಗಣಿತದವನ ಹಾಗೆಯೇ ಯೋಚಿಸಿದೆ. ಗೋಡೆಯ ಮೇಲಿರುವುದು ತಲೆಯ ಎಣ್ಣೆ. ತಲೆಯ ಎಣ್ಣೆ ಸೀಗೆಪುಡಿಗೆ ಹೋಗುತ್ತದೆ. ಆದ್ದರಿಂದ ಗೋಡೆಯ ಎಣ್ಣೆಯೂ ಸೀಗೆಪುಡಿಗೆ ಹೋಗಲೇಬೇಕು. ಈ ತರ್ಕದಲ್ಲಿ ತಪ್ಪೆಲ್ಲಿದೆ ಎಂದು ನನಗೆ ಈಗಲೂ ಗೊತ್ತಾಗಿಲ್ಲ. ಬಟ್ಟಲಲ್ಲಿ ಸೀಗೆಪುಡಿ ಕಲಸಿ, ದಪ್ಪಗೆ ಮೆತ್ತಿ, ತೆಂಗಿನ ನಾರು ಹಿಡಿದು ಗೋಡೆಗೆ ಅಭ್ಯಂಜನವನ್ನೇ ಮಾಡಿಸಿದೆ. ಎಣ್ಣೆ ಹೋಗಲಿಲ್ಲ. ಅದರ ಮೇಲೆ ಸೀಗೆಯ ಕಂದು ಬಣ್ಣ ಕೂತಿತು. ತಿಕ್ಕಿದ ಕಡೆ ಪೇಂಟಿನ ಹೊಳಪು ಹಾರಿತು.

ಕೈ ಸೋತು ದಿವಾನದ ಮೇಲೆ ಕೂತು ಹಿಂದಕ್ಕೆ ಒರಗಿದೆ. ಹಿಂದೆ ಹಸಿ ಸೀಗೆ ಇದೆಯೆಂದು ನೆನಪಾಗಿ ಗಾಬರಿಯಿಂದ ತಲೆ ಮುಟ್ಟಿಕೊಂಡರೆ ಕೂದಲು ಒಣಗಿಯೇ ಇತ್ತು. ತಿರುಗಿ ನೋಡಿದೆ. ಕಲೆ ನನ್ನ ತಲೆಗಿಂತ ಅರ್ಧ ಗೇಣು ಮೇಲಿತ್ತು. ಇಷ್ಟು ವರ್ಷ ನಾನು ಬೈಸಿಕೊಂಡ ಕಲೆಯನ್ನು ನನ್ನ ತಲೆ ಒಂದು ದಿನವೂ ಮುಟ್ಟಿರಲಿಲ್ಲ. ನಮ್ಮ ದಿವಾನದ ಮೇಲೆ ಕೂರುವವರಲ್ಲಿ ಅಷ್ಟು ಎತ್ತರದವನು, ಅದೂ ತಲೆಗೆ ಎಣ್ಣೆ ಮೆತ್ತಿಕೊಂಡೇ ಬರುವವನು ಒಬ್ಬನೇ.

ಮಾರನೆಯ ದಿನ ಭಾನುವಾರ, ಆ ಒಬ್ಬನು ಬಂದ. ಅವನಿಗೆ ಹೇಳಬೇಕಾದ ಮಾತನ್ನು ಬೆಳಗಿನಿಂದ ಬಾಯಿಪಾಠ ಮಾಡಿಟ್ಟಿದ್ದೆ. ಅವನು ಗೋಡೆ ನೋಡಿ, “ಏನ್ರಿ ಮೇಷ್ಟ್ರ, ಗ್ವಾಡಿಗೆ ಸೀಗಿ ಹಚ್ಚೀರಲ್ರಿ” ಎಂದು ಅಂಗಿಯ ತೋಳು ಮಡಚಿದ. “ಸುಧಾ, ಉಗುರುಬೆಚ್ಚನ ನೀರಾಗ ಎರಡು ಹನಿ ಪಾತ್ರಿ ತೊಳಿಯೋ ಸೋಪು ಹಾಕ್ಕೊಂಡು ಬಾರಮ್ಮ. ಹಳೇ ಪಂಚಿ ಇದ್ರ ಕೊಡು.” ಮೊದಲು ದಿವಾನದ ಮರೆಯಲ್ಲಿ ಒಂದಿಷ್ಟು ಜಾಗ ಒರೆಸಿ, ಬಣ್ಣ ಬಟ್ಟೆಗೆ ಬರುವುದಿಲ್ಲ ಎಂದು ನೋಡಿಕೊಂಡ. ಆಮೇಲೆ ಬಟ್ಟೆ ಹಿಂಡಿ, ತಿಕ್ಕದೆ, ಅಂಚಿನಿಂದ ಒಳಕ್ಕೆ ಮೆಲ್ಲಗೆ ಒತ್ತುತ್ತಾ ಬಂದ. ಉಳಿದ ಜಿಡ್ಡಿಗೆ ಅಡುಗೆ ಸೋಡಾ ಕಲಸಿ ಸವರಿ, ಬರಿ ನೀರಿನ ಬಟ್ಟೆಯಿಂದ ಒರೆಸಿ, ಒಣ ಬಟ್ಟೆ ಒತ್ತಿದ. ಅರ್ಧ ಗಂಟೆಯಲ್ಲಿ ಗೋಡೆ ಗೋಡೆಯಾಯಿತು. ಹೊಳಪು ಕಳೆದದ್ದೂ ಓರೆಯಾಗಿ ನೋಡಿದರೆ ಮಾತ್ರ ಕಾಣುತ್ತಿತ್ತು.

“ಇದನ್ನೆಲ್ಲ ಎಲ್ಲಿ ಕಲಿತ್ರಿ?” ಎಂದೆ, ಹಲ್ಲು ಕಚ್ಚಿ.

“ನಮ್ಮನ್ಯಾಗ ಒರಗಿದ್ರ ನಾನ ಒರೆಸಬೇಕ್ರಿ. ಸುಧಾನ ಅಕ್ಕ ಭಾಳ ಕಟ್ಟುನಿಟ್ಟು. ಹಂಗಾಗಿ ಅಲ್ಲಿ ಒರಗೋದ ಬಿಟ್ಟೀನಿ. ಇಲ್ಲಾದ್ರ ಯಾರೂ ಏನೂ ಅನ್ನಂಗಿಲ್ಲ” ಎಂದವನೇ ಹೆಗಲ ಮೇಲಿನ ಟವೆಲನ್ನು ಗೋಡೆಗೆ ಹಾಕಿ ಆರಾಮಾಗಿ ಒರಗಿದ.

ನಾನು ಗೆದ್ದವನ ಹಾಗೆ ಸುಧಾಳನ್ನು ಅಡುಗೆಮನೆಗೆ ಕರೆದು ಕಲೆ ಯಾರದೆಂದು ಹೇಳಿದೆ. ಅವಳು ಬೆರಗಾಗಲೇ ಇಲ್ಲ. “ನನಗ ಗೊತ್ತಿತ್ರಿ. ಭಾವಗ ಹೆಂಗ ಅನ್ನಾಕ ಬರ್ತದ? ನಿಮಗ ಬೈದ್ರ ಅವ್ರು ತಿಳ್ಕೋತಾರ ಅಂತ ಬೈತಿದ್ದೆ” ಎಂದು ಸಾರಿಗೆ ಒಗ್ಗರಣೆ ಹಾಕಿದಳು.

ಅಂದರೆ ಒರಗುವ ಸುಖ ಅವನದು, ಬೈಗುಳ ನನ್ನದು. ಭಾನುವಾರದ ಗಡಿಬಿಡಿಯಲ್ಲಿ ತಪ್ಪಿದ ಎಣ್ಣೆಯನ್ನು ಸೋಮವಾರ ಬೆಳಿಗ್ಗೆ ತಲೆಗೆ ಹಚ್ಚಿಕೊಂಡಾಗ ಈ ಮಾತು ಮತ್ತೆ ಚುಚ್ಚಿತು. ದಿವಾನದ ಮೇಲೆ ದಿಂಬು ಇಟ್ಟು, ಅದರ ಮೇಲೆ ಕೂತು, ಸರಿಯಾಗಿ ಅದೇ ಜಾಗಕ್ಕೆ ತಲೆ ಆನಿಸಿದೆ. ನಿಜ ಹೇಳುತ್ತೇನೆ, ಬಹಳ ಹಿತವಾಗಿತ್ತು. ಕಣ್ಣು ಬಿಟ್ಟಾಗ ಸುಧಾ ಎದುರಿಗೆ ಬಿಸಿನೀರಿನ ಬಟ್ಟಲು ಹಿಡಿದು ನಿಂತಿದ್ದಳು. “ತಗೋರಿ. ಭಾವ ಒರೆಸಿದಂಗ ಆಗಬೇಕ್ ನೋಡ್ರಿ.”

ಆಗಲಿಲ್ಲ. ಶುಕ್ರವಾರ ಶಾಂತಿಗೆ ಬಂದ ನೆಂಟರಿಗೆಲ್ಲ ಸುಧಾ ಗೋಡೆ ತೋರಿಸಿ, ಇಷ್ಟು ಭಾವ ಒರೆಸಿದ್ದು, ಇಷ್ಟು ನಮ್ಮವರು ಒರೆಸಿದ್ದು ಎಂದು ಬೆರಳಿನಿಂದ ಗೆರೆ ಎಳೆದು ವಿವರಿಸಿದಳು. ಮಾವನವರು ಕನ್ನಡಕ ಸರಿಮಾಡಿಕೊಂಡು ಹತ್ತಿರ ಹೋಗಿ ನೋಡಿ, “ಗುರುರಾಜಂದು ಕೈ ಭಾಳ ಹಗುರ” ಎಂದರು. ಊಟದ ಹೊತ್ತಿಗೆ ಪಾಯಸ ಬಡಿಸುವ ಕೆಲಸ ನನಗೆ ಬಂತು. ಎಲ್ಲರ ಎಲೆಗೂ ಧಾರಾಳವಾಗಿ ಬಡಿಸುತ್ತಾ ಬಂದೆ. ಷಡ್ಡಕನ ಎಲೆಯ ಮುಂದೆ ಮಾತ್ರ ಸೌಟು ಅರ್ಧವೇ ತುಂಬಿತು.